ಕ್ರೈಸ್ತ ಅಂದ್ರೆ ಯಾರು?

ಪ್ರಶ್ನೆ: ನಾವು ಶಿವಮೊಗ್ಗದ ಕ್ಯಾಥೊಲಿಕ್ಕರು. ತಮ್ಮ ಪೆಂಟೆಕೋಸ್ಟ್ ಸಭೆ ಸೇರ್ಕೊಂಡ. ಕ್ರಿಸ್‌ಮಸ್‌ಗೆ ಬಂದ್ರೂ ಮರಿಯಮ್ಮನ ಪಟದ ಮುಂದೆ ಊಟಕ್ಕೆ ಕೂರಲ್ಲ, ಮಗುವಾಗಿದ್ದಾಗ ತಲೆಗೆ ನೀರು ಹಾಕ್ಸಿದ್ದು ದೀಕ್ಷಾಸ್ನಾನವೇ ಅಲ್ಲ, ನೀವು ನಿಜವಾದ ಕ್ರೈಸ್ತರಲ್ಲ ಅಂತಾನೆ. ಹೌದಾ ಸರ್?

ಉತ್ತರ: ಅವನು ಅಂದ್ಬಿಟ್ರೆ ಆಗೋಯ್ತಾ ಮೇಡಂ! ಯೇಸು ದೇವರ ಮಗ, ಶಿಲುಬೆ ಮೇಲೆ ಸತ್ತು ಎದ್ದು ಬಂದ, ತಂದೆ ಮಗ ಪವಿತ್ರಾತ್ಮ ಒಬ್ಬನೇ ದೇವರು, ಇಷ್ಟು ಬಿಷಪ್‌ಗಳು ಸೇರಿದ್ದ 325ರ ನೈಸಿಯಾ ಸಭೆ ಆಮೇಲೆ 381ರ ಕಾನ್‌ಸ್ಟಾಂಟಿನೋಪಲ್ ಸಭೇಲಿ ಗಟ್ಟಿಯಾಗಿದ್ದು, ಕ್ಯಾಥೊಲಿಕ್, ಆರ್ಥೊಡಾಕ್ಸ್, ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆ) ಎಲ್ರೂ ಒಪ್ತಾರೆ, ನಿಮ್ಮ ತಮ್ಮನ ಕಡೆಯೋರೂ ಬಹುಪಾಲು ನಂಬೋದು ಅದನ್ನೇ. ದೀಕ್ಷಾಸ್ನಾನದ ವಯಸ್ಸಿನ ಜಗಳ ಜೋರಾಗಿದ್ದು 16ನೇ ಶತಮಾನದಲ್ಲಿ. ಸಿಎಸ್‌ಐನೋರು ಕ್ಯಾಥೊಲಿಕ್ ಆದ್ರೆ ಮತ್ತೆ ದೀಕ್ಷಾಸ್ನಾನ ಮಾಡ್ಸಲ್ಲ, ಗೊತ್ತಾ? ಆದ್ರೆ ಯೆಹೋವನ ಸಾಕ್ಷಿಗಳು ಅನ್ನೋ ಪಂಗಡದೋರು ತಂದೆ ಮಗ ಪವಿತ್ರಾತ್ಮ ಅನ್ನೋ ತ್ರಿಯೇಕ ದೇವರನ್ನೇ ಒಪ್ಪಲ್ಲ, ನನ್ ಪ್ರಕಾರ ನಿಜವಾದ ತಕರಾರು ಇರೋದು ಅಲ್ಲಿ, ಪಟದ ಹತ್ರ ಅಲ್ಲ.