ನಾಯಿಗೆ ಸೂಜಿ ಮಾಡಿಸಿದರೆ ತೋಳಕ್ಕೇನು ಲಾಭ?

ಪ್ರಶ್ನೆ: ಡಾಕ್ಟ್ರಮ್ಮಾ, ನಮ್ಮದು ಕೆಂಗುರಿ ಹಿಂಡು. ಬಂಕಾಪುರ ತೋಳಧಾಮದ ಆಸುಪಾಸಿನಲ್ಲಿ ಮೇಯಿಸುತ್ತೇವೆ. ಈಚೆಗೆ ಹಟ್ಟಿಯ ಎರಡು ನಾಯಿ ಸತ್ತವು. ಕಣ್ಣ ತುಂಬ ಪಿಸುರು, ಮೂಗಲ್ಲಿ ಸಿಂಬಳ. ಕೊನೆಗೆ ಮಲಗಿದ್ದಾಗಲೂ ಒಂದು ಕಾಲು ತಾನೇ ಕುಣಿಯುತ್ತಿತ್ತು. ಈಗ ಒಂದು ತೋಳ ಹಾಡಹಗಲೇ ಜೋಳದ ಹೊಲದ ಬದುವಿನಲ್ಲಿ ತೂರಾಡುತ್ತ ಹೋಗಿದ್ದನ್ನು ಮಗ ನೋಡಿದ್ದಾನೆ. ಅದರಿಂದ ಕುರಿಗೆ ರೋಗ ಬರುತ್ತದಾ? ಊರಲ್ಲಿ ಕೆಲವರು ‘ತೋಳ ಸತ್ತರೆ ಪೀಡೆ ಹೋಯಿತು ಬಿಡು’ ಅನ್ನುತ್ತಾರೆ.
— ಕುರಿಗಾರರೊಬ್ಬರು, ಕನಕಗಿರಿ ಕಡೆ (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಅಣ್ಣಾ, ನೀವು ಬರೆದ ಲಕ್ಷಣ ನೋಡಿದರೆ ನಾಯಿಗಳಿಗೆ ಡಿಸ್ಟೆಂಪರ್ ಅನ್ನುವ ವೈರಸ್ ರೋಗ ಆಗಿತ್ತು ಅನ್ನಿಸುತ್ತದೆ. ಸುಮ್ನೆ ಏನೋ ಅಗಿಯುವ ಹಾಗೆ ಬಾಯಿ ಆಡಿಸುತ್ತಿದ್ದವಾ? ಅಂಗಾಲು ಗಟ್ಟಿಯಾಗಿ ಬಿರುಕು ಬಿಟ್ಟಿತ್ತಾ? ಹಾಗಿದ್ದರೆ ಅನುಮಾನ ಇನ್ನೂ ಜಾಸ್ತಿ. ಈ ರೋಗ ಕುರಿಗೆ ಬರುವುದಿಲ್ಲ, ಮನುಷ್ಯರಿಗೂ ಬರುವುದಿಲ್ಲ.

ಆದರೆ ತೂರಾಡುವ ತೋಳದ ಮಾತು ಬೇರೆ. ಅದಕ್ಕೆ ಡಿಸ್ಟೆಂಪರ್ ಇರಬಹುದು, ಹುಚ್ಚು ರೋಗವೂ ಇರಬಹುದು. ದೂರದಿಂದ ನೋಡಿ ಯಾವುದೆಂದು ನಾನೂ ಹೇಳಲಾರೆ. ಹುಚ್ಚು ರೋಗವಾದರೆ ಕುರಿಗೂ ಬರುತ್ತದೆ, ನಿಮಗೂ ಬರುತ್ತದೆ. ಆದ್ದರಿಂದ ಕೋಲು ಹಿಡಿದು ಬೆನ್ನಟ್ಟಬೇಡಿ. ಮೊಬೈಲಲ್ಲಿ ವಿಡಿಯೋ ಮಾಡಲು ಹತ್ತಿರ ಹೋಗುವುದಂತೂ ಬೇಡವೇ ಬೇಡ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಯಾರಿಗಾದರೂ ಅದು ಕಚ್ಚಿದರೆ, ಪರಚಿದರೆ, ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ಖಾರದಪುಡಿ, ಸುಣ್ಣ ಹಚ್ಚುವ ಚಾಳಿ ನಮ್ಮ ಕಡೆ ಇನ್ನೂ ಹೋಗಿಲ್ಲ. ದಯವಿಟ್ಟು ಹಚ್ಚಬೇಡಿ.

ನೀವು ಕೇಳಿದ್ದು ತೋಳದಿಂದ ನಮಗೆ ಏನು ಬರುತ್ತದೆ ಅಂತ. ನನಗೆ ಚಿಂತೆ ಇರುವುದು ನಮ್ಮಿಂದ ತೋಳಕ್ಕೆ ಏನು ಹೋಗುತ್ತದೆ ಅನ್ನುವುದರ ಬಗ್ಗೆ. ಸತ್ತ ಕುರಿಯನ್ನು ಹಳ್ಳದ ದಂಡೆಗೆ ಎಸೆಯುತ್ತೇವೆ ಅಲ್ವಾ? ರಾತ್ರಿ ಅಲ್ಲಿ ಊರನಾಯಿ ತಿನ್ನುತ್ತದೆ, ಹಟ್ಟಿಯ ನಾಯಿ ತಿನ್ನುತ್ತದೆ, ಗುಳ್ಳೆನರಿ ಬರುತ್ತದೆ, ಬೆಳಗಿನ ಜಾವ ತೋಳವೂ ಬರುತ್ತದೆ. ಡಿಸ್ಟೆಂಪರ್ ವೈರಸ್ ನಮ್ಮ ಬಿಸಿಲಲ್ಲಿ ಜಾಸ್ತಿ ಹೊತ್ತು ಬದುಕುವುದಿಲ್ಲ. ಆದರೆ ಒಂದೇ ಹೆಣಕ್ಕೆ ಬಾಯಿ ಹಾಕುವವರಿಗೆ, ಮೂತಿಗೆ ಮೂತಿ ತಾಗಿಸಿ ಕಚ್ಚಾಡುವವರಿಗೆ ಆ ಸ್ವಲ್ಪ ಹೊತ್ತೇ ಸಾಕು. ತಿಂದುಹೋದ ತೋಳ ಗವಿಗೆ ಮರಳಿ ಮರಿಗಳ ಮುಂದೆ ಕಕ್ಕುತ್ತದೆ. ಮರಿಗಳು ಅದರ ಬಾಯಿ ನೆಕ್ಕಿ ನೆಕ್ಕಿ ತಿನ್ನುತ್ತವೆ. ರೋಗ ಮನೆಮಂದಿಗೆಲ್ಲ ಹಬ್ಬಲು ಇಷ್ಟೇ ದಾರಿ. ಪಾರ್ವೋ ಅಂತ ಇನ್ನೊಂದಿದೆ, ಅದು ಮಣ್ಣಲ್ಲೇ ತಿಂಗಳುಗಟ್ಟಲೆ ಇರುತ್ತದೆ. ಮರಿಗಳನ್ನು ಕೊಲ್ಲುವುದರಲ್ಲಿ ಅದು ಎತ್ತಿದ ಕೈ.

ಇದು ಬರೀ ಹೆದರಿಕೆಯ ಮಾತಲ್ಲ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹ ಸತ್ತವು. ಪರೀಕ್ಷೆ ಮಾಡಿದಾಗ ಇದೇ ಡಿಸ್ಟೆಂಪರ್ ಸಿಕ್ಕಿತು. ನಿಮಗೆ ಇನ್ನೂ ಹತ್ತಿರದ ಉದಾಹರಣೆ ಎಂದರೆ ಇಥಿಯೋಪಿಯಾದ್ದು. ಅಲ್ಲಿಯ ಬೇಲ್ ಬೆಟ್ಟದಲ್ಲೂ ನಿಮ್ಮಂತೆಯೇ ದನ-ಕುರಿ ಕಾಯುವವರು, ಅವರ ಹಿಂದೆ ನಾಯಿಗಳು. 2003ರಲ್ಲಿ ನಾಯಿಗಳಿಂದ ಅಲ್ಲಿಯ ತೋಳಗಳಿಗೆ ಹುಚ್ಚು ರೋಗ ತಗುಲಿ, ರೋಗ ಹಬ್ಬಿದ ಕಣಿವೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ತೋಳ ಹೋದವು. ಇಡೀ ಜಗತ್ತಿನಲ್ಲಿ ಆ ಜಾತಿ 500ರಷ್ಟೂ ಇಲ್ಲ. ನಮ್ಮ ತೋಳವೂ ದೇಶದಲ್ಲೆಲ್ಲ ಸೇರಿ ಸುಮಾರು 3,000 ಇರಬಹುದು. ಸಾವಿರ ಇದ್ದ ಕಡೆ 20 ಸತ್ತರೆ ತುಂಬಿಕೊಳ್ಳುತ್ತದೆ. ಬಂಕಾಪುರದಂಥ ಕಡೆ ಒಂದೆರಡು ಗುಂಪು ಹೋದರೆ ಧಾಮದ ಬೋರ್ಡು ಮಾತ್ರ ಉಳಿಯುತ್ತದೆ.

‘ಪೀಡೆ ಹೋಯಿತು’ ಅನ್ನುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮರಿ ಕಳೆದುಕೊಂಡವರ ಮುಂದೆ ತೋಳದ ಗುಣಗಾನ ಮಾಡುವಷ್ಟು ಧೈರ್ಯ ನನಗಿಲ್ಲ. ಒಂದು ಮಾತು ಹೇಳುತ್ತೇನೆ. ರೋಗ ತೋಳದ ಹತ್ತಿರ ನಿಲ್ಲುವುದಿಲ್ಲ, ಮತ್ತೆ ನಿಮ್ಮ ನಾಯಿಗೇ ಬರುತ್ತದೆ. ನಾಯಿ ಇಲ್ಲದ ಹಟ್ಟಿ ರಾತ್ರಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಈಗ ಮಾಡಬೇಕಾದ್ದು. ಉಳಿದ ನಾಯಿಗಳನ್ನು ಸದ್ಯಕ್ಕೆ ಬೇರೆ ಹಟ್ಟಿಯ ನಾಯಿಗಳ ಜೊತೆ ಬಿಡಬೇಡಿ. ರೋಗದಿಂದ ಬದುಕಿ ಉಳಿದ ನಾಯಿಯೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ವೈರಸ್ ಹರಡುತ್ತದೆ. ಹುಚ್ಚು ರೋಗದ ಸೂಜಿ ವರ್ಷಕ್ಕೊಮ್ಮೆ ಮಾಡಿಸಿ. ಸೆಪ್ಟೆಂಬರ್ 28ರ ರೇಬೀಸ್ ದಿನದ ಹೊತ್ತಿಗೆ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕುತ್ತಾರೆ. ಡಿಸ್ಟೆಂಪರ್ ಮತ್ತು ಪಾರ್ವೋಗೆ ಬೇರೆ ಸೂಜಿ. ಮರಿಗೆ ಆರರಿಂದ ಎಂಟು ವಾರ ತುಂಬಿದಾಗ ಶುರು ಮಾಡಿ, ನಾಲ್ಕು ತಿಂಗಳಾಗುವವರೆಗೆ ಮೂರ್ನಾಲ್ಕು ವಾರಕ್ಕೊಮ್ಮೆ ಹಾಕಿಸಬೇಕು. ಅಂಗಡಿಯಿಂದ ಕೊಂಡರೆ ಥರ್ಮಾಸಿನಲ್ಲಿ ಐಸ್ ಹಾಕಿಯೇ ತನ್ನಿ. ಅಂಗಿ ಜೇಬಿನಲ್ಲಿಟ್ಟು ಗಂಗಾವತಿಯ ಬಿಸಿಲಲ್ಲಿ ಬೈಕ್ ಮೇಲೆ ತಂದ ಲಸಿಕೆ ಬರೀ ನೀರು. ಹೀಗೆ ತಂದವರನ್ನು ನಾನು ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ, ಬೈಸಿಕೊಂಡೂ ಇದ್ದೇನೆ.

ಹೆಣ ಹೂಳುವ ವಿಷಯದಲ್ಲಿ ಒಂದು ತೊಡಕಿದೆ. ಎಲ್ಲ ಹೂಳಿದರೆ ತೋಳದ ಊಟ ಕಿತ್ತುಕೊಂಡ ಹಾಗಾಗುತ್ತದೆ. ಆಗ ಅದು ನಿಮ್ಮ ಹಿಂಡಿನ ಕಡೆಯೇ ನೋಡೀತು. ನನ್ನ ಅಭಿಪ್ರಾಯ ಹೀಗಿದೆ: ರೋಗ ಬಂದು ಸತ್ತದ್ದನ್ನು ಆಳವಾಗಿ ಸುಣ್ಣ ಹಾಕಿ ಹೂಳಿ. ಮೂಗು, ಗುದದಿಂದ ರಕ್ತ ಬಂದು ಸತ್ತ ಕುರಿಯನ್ನಂತೂ ಕೊಯ್ಯಲೇಬೇಡಿ. ಅದು ನೆರಡಿ (ಆಂಥ್ರಾಕ್ಸ್) ಇರಬಹುದು, ಪಶು ಸಹಾಯವಾಣಿ 1962ಕ್ಕೆ ಹೇಳಿ. ಬಿದ್ದು, ಕಾಲು ಮುರಿದು ಸತ್ತ ಕುರಿಯನ್ನು ತೋಳ ತಿಂದರೆ ತಿನ್ನಲಿ. ನಿಮ್ಮ ನಾಯಿ ಅಲ್ಲಿಗೆ ಹೋಗದಂತೆ ಕಟ್ಟಿಹಾಕಿ. ಹಿರೇಬೇನೆಯ (ಪಿಪಿಆರ್) ಸೂಜಿಯನ್ನೂ ಕುರಿಗಳಿಗೆ ತಪ್ಪಿಸಬೇಡಿ. ಆ ರೋಗ ಕಾಡಿನ ಮೇವಿನ ಪ್ರಾಣಿಗಳಿಗೂ ಹೋಗುತ್ತದೆ. ಮಂಗೋಲಿಯಾದಲ್ಲಿ 2016-17ರಲ್ಲಿ ಸಾಕುಕುರಿಗಳಿಂದ ಹಬ್ಬಿ ಸಾವಿರಾರು ಸೈಗಾ ಜಿಂಕೆಗಳನ್ನು ಕೊಂದಿತು. ನಿಮ್ಮ ಕುರಿ ಮೇಯುವ ಬಯಲಲ್ಲೇ ಕೃಷ್ಣಮೃಗವೂ ಮೇಯುತ್ತದಲ್ಲ.

ಪ್ರಶ್ನೆ: ಮನೆಯ ಕೋಳಿಗಳು ಕೊಕ್ಕರೆ ರೋಗ (ರಾಣಿಖೇತ್) ಬಂದು ಸತ್ತವು. ಹೊಲಕ್ಕೆ ಬರುವ ನವಿಲಿಗೂ ಬರುತ್ತದೆಯೇ?
— ಓದುಗರು, ಸಿಂಧನೂರು

ಉತ್ತರ: ಬರಬಹುದು. ಸತ್ತ ಕೋಳಿಯನ್ನು ಕಾಲುವೆಗೆ ಎಸೆಯಬೇಡಿ, ಹೂಳಿ. ಕೋಳಿಗೆ ಹಾಕಿ ಉಳಿದ ಕಾಳನ್ನು ಬದುವಿಗೆ ಚೆಲ್ಲಬೇಡಿ, ನವಿಲು ಬರುವುದೇ ಅದಕ್ಕೆ. ಹೊಸ ಕೋಳಿ ತರುವುದಾದರೆ ಸಂತೆಯಿಂದ ತಂದ ದಿನವೇ ಹಳೆಯವುಗಳ ಜೊತೆ ಬಿಡದೆ ಎರಡು ವಾರ ಬೇರೆ ಇಡಿ, ಲಸಿಕೆ ಹಾಕಿಸಿ. ಒಂದಕ್ಕಿಂತ ಹೆಚ್ಚು ನವಿಲು ಸತ್ತು ಬಿದ್ದಿದ್ದರೆ ಮುಟ್ಟಬೇಡಿ. ಗರಿ ಆಸೆಗೂ ಮುಟ್ಟಬೇಡಿ. ಹಕ್ಕಿಜ್ವರವೋ, ಯಾರೋ ಇಟ್ಟ ವಿಷವೋ ಪರೀಕ್ಷೆ ಆಗಬೇಕು. ಅದಕ್ಕೂ 1926ಕ್ಕೇ ಫೋನ್ ಮಾಡಿ.