ಯೆರೆಮೀಯ 29:11ರ ಕಾರ್ಡು ಅಚ್ಚು ಹಾಕುತ್ತಿದ್ದವನ ಉತ್ತರ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೂರು ವರ್ಷದಿಂದ ಕೆಲಸಕ್ಕಾಗಿ ಪ್ರಾರ್ಥಿಸುತ್ತಿದ್ದೀರಿ, ಎಷ್ಟು ಕಡೆ ಅರ್ಜಿ ಹಾಕಿದರೂ ಕರೆ ಬಂದಿಲ್ಲ. ಸಭೆಯಲ್ಲಿ ಕೆಲವರು "ನಿಮ್ಮ ವಿಶ್ವಾಸ ಸಾಲದು" ಅನ್ನುತ್ತಾರೆ. ಬೈಬಲ್ ಓದಿದರೆ ನಿಜಕ್ಕೂ ನಿರೀಕ್ಷೆ ಹುಟ್ಟುತ್ತದಾ, ಹುಟ್ಟುವುದಾದರೆ ಎಲ್ಲಿಂದ ಓದಬೇಕು, ಯಾವ ಬೈಬಲ್ ಕೊಳ್ಳಬೇಕು ಎಂದು ಕೇಳಿದ್ದೀರಿ.

ನಾನು ಅಯ್ಯನವರಲ್ಲ, ಎಂದರೆ ಪಾದ್ರಿಯಲ್ಲ, ಮಂಗಳೂರಿನ ಬಲ್ಮಠದ ಥಿಯಾಲಜಿ ಕಾಲೇಜಿನ ಮೆಟ್ಟಿಲು ಹತ್ತಿದವನೂ ಅಲ್ಲ. ಉಡುಪಿಯಲ್ಲಿ ಇಪ್ಪತ್ತೆರಡು ವರ್ಷ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ಸು ನಡೆಸಿ ಮುಚ್ಚಿದವನು. ಮದುವೆ ಕಾಗದ, ಬಿಲ್ ಬುಕ್ಕು, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಎಲ್ಲ ಜಾತಿ ಮತದ ಶುಭ ಅಶುಭ ನಮ್ಮ ಮೆಷಿನ್ನಿನಲ್ಲೇ ಹಾದುಹೋಗುತ್ತಿತ್ತು. ಡಿಸೆಂಬರ್ ಬಂತೆಂದರೆ ಹೊಸ ವರ್ಷದ ವಾಗ್ದಾನ ವಚನದ ಕಾರ್ಡುಗಳು. ಅಂಗೈ ಅಗಲದ ಕಾರ್ಡು, ಹಿನ್ನೆಲೆಗೆ ಸೂರ್ಯೋದಯ, ಮೇಲೆ ಒಂದು ವಚನ. ಯಾವ ಸಭೆಯವರು ಬಂದರೂ ಮೊದಲು ಕೇಳುತ್ತಿದ್ದದ್ದು ಯೆರೆಮೀಯ 29:11, ಎಂದರೆ ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನ. ನಿಮ್ಮ ವಿಷಯದಲ್ಲಿ ನನಗಿರುವುದು ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ ಎಂದು ದೇವರು ಹೇಳುವ ವಚನ ಅದು. ಅದರ ಪ್ಲೇಟನ್ನು ತೆಗೆದಿಟ್ಟುಕೊಂಡು ಮುಂದಿನ ವರ್ಷಕ್ಕೂ ಬಳಸಿದ್ದುಂಟು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಎಂದಾಗ ನನ್ನ ಅಂಗಡಿಯಲ್ಲಿ ಹನ್ನೊಂದು ಮದುವೆಗಳ ಕಾಗದ ಕಟ್ಟು ಕಟ್ಟಿ ಇಟ್ಟದ್ದಿತ್ತು. ಎಲ್ಲದರಲ್ಲೂ ಏಪ್ರಿಲ್, ಮೇ ತಿಂಗಳ ತಾರೀಕು. ಯಾರೂ ಬಂದು ತೆಗೆದುಕೊಂಡು ಹೋಗಲಿಲ್ಲ, ಬಾಕಿ ಹಣ ಕೇಳುವ ಮುಖ ನನಗೂ ಇರಲಿಲ್ಲ. ಏಪ್ರಿಲ್ 12ರ ಈಸ್ಟರ್‌ಗೆ ದೇವಾಲಯ ಮುಚ್ಚಿತ್ತು. ಮನೆಯಲ್ಲಿ ಹೆಂಡತಿ, ನಾನು, ಮಗಳು ಮೊಬೈಲ್ ಎದುರು ಕೂತು ಪುನರುತ್ಥಾನದ ಗೀತೆ ಹಾಡಿದೆವು, ಅರ್ಧಕ್ಕೆ ನೆಟ್‌ವರ್ಕ್ ಹೋಯಿತು. ಮುಂದಿನ ವರ್ಷ ಮದುವೆ ಸೀಸನ್ನಿಗೆ ಸರಿಯಾಗಿ ಎರಡನೇ ಅಲೆ. ಅಷ್ಟರಲ್ಲಿ ಜನ ವಾಟ್ಸಾಪಿನಲ್ಲಿ ಕರೆಯುವುದನ್ನು ಕಲಿತಿದ್ದರು. 2022ರಲ್ಲಿ ಮೆಷಿನ್ನು ಗುಜರಿ ದರಕ್ಕೆ ಹೋಯಿತು. ಕ್ರೇನಿನವನು ಅದನ್ನು ಎತ್ತುವಾಗ ಅಡಿಯಲ್ಲಿ ಸಿಕ್ಕಿದ್ದು ಶಾಯಿ ಮೆತ್ತಿದ ಒಂದು ವಾಗ್ದಾನ ಕಾರ್ಡು. ಯಾವ ವಚನ ಎಂದು ಬೇರೆ ಹೇಳಬೇಕಾ?

ನನಗೂ ಒಬ್ಬರು ನಿಮಗೆ ಹೇಳಿದ್ದನ್ನೇ ಹೇಳಿದ್ದರು. ಒಂದು ಕೂಟದಲ್ಲಿ ದೂರದಿಂದ ಬಂದ ಪ್ರಸಂಗಿಯೊಬ್ಬರು ತಲೆಯ ಮೇಲೆ ಕೈಯಿಟ್ಟು, ಆರು ತಿಂಗಳೊಳಗೆ ದೇವರು ಎರಡರಷ್ಟು ತಿರುಗಿ ಕೊಡುತ್ತಾನೆ, ನಂಬಿದರೆ ಸಾಕು ಎಂದರು. ನಾನು ನಂಬಿದೆ. ಕ್ಯಾಲೆಂಡರಿನಲ್ಲಿ ಗುರುತು ಕೂಡ ಹಾಕಿದೆ. ಆರು ತಿಂಗಳು ಕಳೆದ ಮೇಲೆ ಬಂದದ್ದು ಸಹಕಾರಿ ಸೊಸೈಟಿಯ ಸಾಲದ ನೋಟೀಸು.

ಆಗ ಬೈಬಲ್ ಮುಚ್ಚಿಟ್ಟೆ. ತಿರುಗಿ ತೆಗೆಸಿದವರು ಸಂಡೇ ಸ್ಕೂಲಿನಲ್ಲಿ ನನಗೆ ಪಾಠ ಹೇಳಿದ್ದ ಟೀಚರ್. ಈಗ ಎಂಬತ್ತರ ಹತ್ತಿರ. ಬುಧವಾರ ಸಂಜೆ ಅವರ ಮನೆಯ ಚಾವಡಿಯಲ್ಲಿ ಏಳೆಂಟು ಜನರ ಬೈಬಲ್ ಸ್ಟಡಿ. ಹೆಂಡತಿಯ ಒತ್ತಾಯಕ್ಕೆ ಹೋಗಿ ಮೂಲೆಯಲ್ಲಿ ಕೂತಿದ್ದೆ. "ಎಂತ ಮಾರಾಯ, ಬೈಬಲ್ ತರಲಿಲ್ಲವಾ?" ಎಂದರು. "ಟೀಚರೇ, ಆ 29:11 ಸುಳ್ಳು" ಎಂದುಬಿಟ್ಟೆ. ಯಾರಾದರೂ ಬೈಯುತ್ತಾರೆಂದು ಕಾದೆ. ಅವರು ತಮ್ಮ ಬೈಬಲನ್ನೇ ನನ್ನ ಕೈಗೆ ಕೊಟ್ಟು "ಒಂದು ವಚನ ಮೇಲೆ ಓದು" ಎಂದರು.

ಮೇಲಿನ ವಚನ, 29:10, ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ತಿರುಗಿ ಕರೆತರುತ್ತೇನೆ ಎನ್ನುತ್ತದೆ. ಎಪ್ಪತ್ತು ವರ್ಷ! ಇಷ್ಟು ಕಾರ್ಡು ಅಚ್ಚು ಹಾಕಿದವನು ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅದು ಯೆರೂಸಲೇಮಿನಿಂದ ಸೆರೆಯಾಗಿ ಹೋದವರಿಗೆ ಯೆರೆಮೀಯ ಬರೆದ ಪತ್ರ. ಪತ್ರ ಕೈಗೆ ಬಂದಾಗ ಮೂವತ್ತು ದಾಟಿದ್ದವರು ಊರು ನೋಡುವ ಮಾತೇ ಇಲ್ಲ. ಅವರಿಗೆ ದೇವರು ಹೇಳಿದ್ದು 29:5ರಲ್ಲಿದೆ: ಮನೆ ಕಟ್ಟಿ, ತೋಟ ಮಾಡಿ, ಬೆಳೆದದ್ದನ್ನು ತಿನ್ನಿ. ಮುಂದಕ್ಕೆ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಹಿತದ ಯೋಚನೆ ಎಂದರೆ ಇದು.

ಹಿಂದಿನ ಅಧ್ಯಾಯವನ್ನೂ ಓದಿಸಿದರು. 28ರಲ್ಲಿ ಹನನ್ಯ ಎಂಬವನು ದೇವಾಲಯದಲ್ಲಿ ಎಲ್ಲರೆದುರು ನಿಂತು, ಎರಡೇ ವರ್ಷ, ಬಾಬೆಲಿಗೆ ಹೋದದ್ದೆಲ್ಲ ತಿರುಗಿ ಬರುತ್ತದೆ ಎನ್ನುತ್ತಾನೆ. ಬಾಬೆಲಿಗೆ ತಲೆಬಾಗಬೇಕೆಂಬುದರ ಗುರುತಾಗಿ ಯೆರೆಮೀಯ ಕೊರಳ ಮೇಲೆ ಹೊತ್ತಿದ್ದ ಮರದ ನೊಗವನ್ನು ಕಿತ್ತು ಮುರಿಯುತ್ತಾನೆ. ತಮಾಷೆಯೆಂದರೆ ಯೆರೆಮೀಯ ಮೊದಲು "ಆಮೆನ್, ಹಾಗೇ ಆಗಲಿ" ಅನ್ನುತ್ತಾನೆ. ಅವನಿಗೂ ಎರಡು ವರ್ಷವೇ ಬೇಕಿತ್ತು! ಆದರೆ ದೇವರು ಹೇಳದ್ದನ್ನು ಹೇಳಲು ಅವನಿಗೆ ಬರಲಿಲ್ಲ. ಹನನ್ಯ ಅದೇ ವರ್ಷ ತೀರಿಕೊಂಡ. "ನಿನ್ನ ಕೂಟದ ಪ್ರಸಂಗಿ ಯಾರ ಹಾಗೆ?" ಎಂದು ಟೀಚರ್ ಕೇಳಿದಾಗ ಚಾವಡಿಯಲ್ಲಿದ್ದವರೆಲ್ಲ ನಕ್ಕರು. ಎಷ್ಟೋ ತಿಂಗಳ ನಂತರ ನಾನೂ ನಕ್ಕೆ.

ಆದ್ದರಿಂದ ನಿಮ್ಮ ವಿಶ್ವಾಸ ಸಾಲದು ಎನ್ನುವವರಿಗೆ ನೀವು ಹೆದರಬೇಕಾಗಿಲ್ಲ. ಬೈಬಲಿನಲ್ಲಿ ತಾರೀಕು ಕೊಟ್ಟು ಸಂತೋಷಪಡಿಸಿದವನು ಸುಳ್ಳು ಪ್ರವಾದಿ. ಒಂದು ವಚನ ನಿಮಗೆ ಹಿಡಿಸಿದರೆ ಅದರ ಹಿಂದಿನ ಮುಂದಿನ ಹತ್ತು ವಚನ ಓದದೆ ಗೋಡೆಗೆ ಅಂಟಿಸಬೇಡಿ. ಕಾರ್ಡು ಮಾರಿ ಬದುಕಿದವನೇ ಹೇಳುವ ಮಾತು ಇದು.

ಇನ್ನು "ನಿರೀಕ್ಷೆ" ಎಂಬ ಶಬ್ದ. ಪೇಟೆಯಲ್ಲಿ ನಾವು ಭರವಸೆ ಅನ್ನುತ್ತೇವೆ, ಆಸೆ ಅನ್ನುತ್ತೇವೆ. ಸತ್ಯವೇದದ, ಎಂದರೆ ಹಳೆಯ ಕನ್ನಡ ಬೈಬಲಿನ, ಅನುವಾದಕರು ಹಿಡಿದದ್ದು ನಿರೀಕ್ಷೆಯನ್ನು. ಎದುರು ನೋಡುವುದು, ದಾರಿ ಕಾಯುವುದು. ಖುಷಿಯಾಗಿರಬೇಕು ಎಂಬ ಕಟ್ಟಲೆ ಅದರಲ್ಲಿಲ್ಲ. ಟೀಚರ್ ಇನ್ನೂ ಒಂದು ವಿಷಯ ಹೇಳಿದರು: 29:11ರ ಕೊನೆಯಲ್ಲಿ ನಿರೀಕ್ಷೆ ಎಂದು ಬರುವ ಜಾಗದಲ್ಲಿ ಇಬ್ರಿಯ (ಹೀಬ್ರೂ) ಮೂಲದಲ್ಲಿರುವುದು "ತಿಕ್ವಾ". ಅದೇ ಶಬ್ದ ಯೆಹೋಶುವ 2:18ರಲ್ಲಿ ಬರುವಾಗ ಅದಕ್ಕೆ ದಾರ, ಹುರಿ ಎಂಬ ಅರ್ಥ. ಯೆರಿಕೋ ಪಟ್ಟಣದ ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ಹುರಿ. ಬಾವಿಯ ಹಗ್ಗ ಹಿಡಿದವನಿಗೆ ಇದು ಬೇಗ ಅರ್ಥವಾಗುತ್ತದೆ. ಕೊಡ ಕೆಳಗೆ ಕತ್ತಲಲ್ಲಿ ಇರುತ್ತದೆ, ಕಾಣುವುದಿಲ್ಲ. ಕೈಗೆ ತೂಕ ಮಾತ್ರ ತಿಳಿಯುತ್ತದೆ.

"ತಾಳ್ಮೆ"ಯೂ ಹಾಗೆಯೇ. ರೋಮಾಪುರದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಪೌಲ, ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಅನುಭವಸಿದ್ಧಿ, ಅದರಿಂದ ನಿರೀಕ್ಷೆ ಎಂದು ಸಾಲು ಹಾಕುತ್ತಾನೆ. ನಿರೀಕ್ಷೆ ಸಾಲಿನ ಕೊನೆಗೆ ನಿಂತಿದೆ, ನೋಡಿ. ನಾವು ಮೊದಲು ನಿರೀಕ್ಷೆ ಸಿಗಲಿ, ಆಮೇಲೆ ತಾಳಿಕೊಳ್ಳುತ್ತೇನೆ ಎಂದು ಕಾಯುತ್ತೇವೆ. ಗ್ರೀಕಿನಲ್ಲಿ ಆ ತಾಳ್ಮೆಗೆ ಇರುವ ಶಬ್ದದ ಮೂಲ ಅರ್ಥ ಭಾರದ ಅಡಿಯಲ್ಲಿ ಉಳಿದಿರುವುದು. ಕನ್ನಡದ "ತಾಳು" ಇನ್ನೂ ಚೆನ್ನಾಗಿದೆ: ಸ್ವಲ್ಪ ತಾಳು ಎಂದರೆ ಕಾಯಿ ಎಂದೂ ಆಯಿತು, ನೋವನ್ನು ತಾಳು ಎಂದರೆ ಸಹಿಸು ಎಂದೂ ಆಯಿತು. ತಾಳಿದವನು ಬಾಳಿಯಾನು ಎಂದು ನಮ್ಮ ಅಜ್ಜಿ ಬೈಬಲ್ ಓದಲು ಬರದೆಯೂ ಹೇಳುತ್ತಿದ್ದರು.

ತಾಳುವುದೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಮಾತ್ರ ತಿಳಿಯಬೇಡಿ. ಯಾಕೋಬನ ಪತ್ರ ಯೋಬನ ತಾಳ್ಮೆಯನ್ನು ಹೊಗಳುತ್ತದೆ, ಆದರೆ ಯೋಬನ ಪುಸ್ತಕದ ಮೂರನೇ ಅಧ್ಯಾಯದಲ್ಲಿ ಅವನು ತಾನು ಹುಟ್ಟಿದ ದಿನಕ್ಕೇ ಶಾಪ ಹಾಕುತ್ತಾನೆ. 13ನೇ ಕೀರ್ತನೆ ಎಷ್ಟರ ತನಕ, ಎಷ್ಟರ ತನಕ ಎಂದು ದೇವರನ್ನೇ ಕೇಳುತ್ತದೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಮಾತೂ ಇಲ್ಲ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಕೀರ್ತನೆಯೇ. ನನ್ನಂಥವನ ಪ್ರಾರ್ಥನೆಗೂ ಪುಸ್ತಕದಲ್ಲಿ ಜಾಗ ಇದೆಯಲ್ಲ ಅನ್ನಿಸಿತು.

ಪ್ರಲಾಪಗಳು ಎಂಬ ಪುಸ್ತಕ ಅಚ್ಚಿನ ಕೆಲಸದವನಿಗೆ ವಿಶೇಷವಾಗಿ ಹಿಡಿಸುತ್ತದೆ. ಇಬ್ರಿಯ ಭಾಷೆಯ ಅಕ್ಷರ 22. ಒಂದು, ಎರಡು, ನಾಲ್ಕನೇ ಅಧ್ಯಾಯಗಳಲ್ಲಿ 22 ವಚನ, ಒಂದೊಂದೂ ಕ್ರಮವಾಗಿ ಒಂದೊಂದು ಅಕ್ಷರದಿಂದ ಶುರು. ನಡುವಿನ ಮೂರನೆಯದರಲ್ಲಿ ಒಂದು ಅಕ್ಷರಕ್ಕೆ ಮೂರರಂತೆ 66. ಯೆರೂಸಲೇಮ್ ಸುಟ್ಟುಹೋದ ಮೇಲೆ ಒಬ್ಬ ಕೂತು ಅ, ಆ, ಇ, ಈ ಎಂದು ಅಕ್ಷರ ಜೋಡಿಸಿ ಅಳುತ್ತಾನೆ! ದೇವರ ಕರುಣೆ ದಿನದಿನವೂ ಹೊಸತು ಎಂಬ ಪ್ರಸಿದ್ಧ ಮಾತು ಬರುವುದು ಆ ಮೂರನೇ ಅಧ್ಯಾಯದಲ್ಲಿ. ನಾನು ಹೆಚ್ಚು ನಿಂತದ್ದು ಅದಕ್ಕೂ ಸ್ವಲ್ಪ ಕೆಳಗೆ, 29ನೇ ವಚನದಲ್ಲಿ. ಬಾಯಿಯನ್ನು ಧೂಳಿಗಿಟ್ಟು ಕಾಯಲಿ, ಒಂದು ವೇಳೆ ನಿರೀಕ್ಷೆ ಇದ್ದೀತು ಎಂಬ ಅರ್ಥದ ಮಾತು. ಒಂದು ವೇಳೆ! ಬೈಬಲೇ ಹಾಗೆ ಹೇಳುವಾಗ ನಾನು ಗಟ್ಟಿ ದನಿಯಲ್ಲಿ ನಂಬಿದ್ದೇನೆ ಎಂದು ಕೂಗಬೇಕಾಗಿಲ್ಲ ಅಂದುಕೊಂಡೆ.

ನಮ್ಮ ಗುಂಪಿನಲ್ಲಿ ಮಲ್ಪೆಯ ಬೋಟಿನಲ್ಲಿ ದುಡಿಯುವ ಒಬ್ಬರಿದ್ದಾರೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆಗೆ ನಿಷೇಧ. ಆಗ ಬಲೆ ಸರಿಮಾಡುತ್ತಾರೆ. ತಾಳ್ಮೆಗೆ ಅದೇ ಉದಾಹರಣೆ ಎಂದು ನಾನು ಬುದ್ಧಿವಂತಿಕೆ ತೋರಿಸಲು ಹೋದೆ. ಅವರು "ಅದೆಂತ ದೊಡ್ಡದು, ನಮಗೆ ಆಗಸ್ಟ್ 1 ಅಂತ ತಾರೀಕು ಉಂಟು. ತಾರೀಕು ಇಲ್ಲದೆ ಬಲೆ ಹೊಲಿಯುವುದು ಕಷ್ಟ" ಎಂದರು. ಅದಕ್ಕಿಂತ ಒಳ್ಳೆಯ ಪ್ರಸಂಗ ನಾನು ಕೇಳಿಲ್ಲ. ಯೆರೆಮೀಯ 32ನ್ನು ಅವರ ಮಾತಿನ ಜೊತೆ ಓದಿ. ಪಟ್ಟಣಕ್ಕೆ ಶತ್ರುಗಳ ಮುತ್ತಿಗೆ, ಯೆರೆಮೀಯ ಸೆರೆಯಲ್ಲಿ. ಅಂಥ ಹೊತ್ತಿನಲ್ಲಿ ಅವನು ತನ್ನ ಊರಾದ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಕ್ರಯಕ್ಕೆ ಪಡೆದು, ಪತ್ರಗಳನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ, ಬಹುಕಾಲ ಉಳಿಯಲಿ ಎಂದು.

ಇಲ್ಲಿ ಪ್ರೆಸ್ಸಿನವನ ಒಂದು ಅಡ್ಡಮಾತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಮಿಷನ್ನಿನ ಮೋಗ್ಲಿಂಗರು 1843ರ ಜುಲೈ 1ಕ್ಕೆ ಕಲ್ಲಚ್ಚಿನಲ್ಲಿ ಶುರುಮಾಡಿದ "ಮಂಗಳೂರು ಸಮಾಚಾರ" ಇಲ್ಲಿ ಒಂದು ವರ್ಷ ಕೂಡ ನಡೆಯದೆ ಬಳ್ಳಾರಿಗೆ ಹೋಯಿತು. ಇವತ್ತು ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನ ಆಚರಿಸುವುದು ಆ ಪತ್ರಿಕೆಯ ಲೆಕ್ಕದಲ್ಲೇ. ಕಿಟ್ಟೆಲರು ಭಾರತಕ್ಕೆ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಮಂಗಳೂರಿನ ಅದೇ ಮಿಷನ್ನಿನ ಅಚ್ಚುಕೂಟದಿಂದ ಹೊರಬಂದದ್ದು 1894ರಲ್ಲಿ. ನಲವತ್ತೊಂದು ವರ್ಷ. ನನ್ನ ಪ್ರೆಸ್ಸು ಮುಚ್ಚಿದಾಗ ಇದನ್ನು ನೆನೆದು ಸಮಾಧಾನವಾಯಿತು ಎಂದರೆ ಸುಳ್ಳಾದೀತು. ಈಗ ನೆನೆದರೆ ಸ್ವಲ್ಪ ಆಗುತ್ತದೆ.

ಒಂದು ವಿಷಯ ಗಂಭೀರವಾಗಿ ಕೇಳುತ್ತೇನೆ. ಮೂರು ವರ್ಷದ ದಣಿವಿನಲ್ಲಿ ಬದುಕೇ ಬೇಡ ಎಂಬ ಯೋಚನೆ ನಿಮಗೆ ಬಂದಿದೆಯಾ? ಬಂದಿದ್ದರೆ ಮೊದಲ ಅರಸುಗಳು 19ನ್ನು ಓದಿ. ಪ್ರವಾದಿ ಎಲೀಯ ಅಡವಿಯಲ್ಲಿ ಗಿಡದ ಕೆಳಗೆ ಬಿದ್ದು, ಸಾಕು, ನನ್ನ ಪ್ರಾಣ ತೆಗೆ ಎಂದು ಬೇಡುತ್ತಾನೆ. ದೇವದೂತ ಅವನಿಗೆ ಉಪದೇಶ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು, ಎದ್ದು ತಿನ್ನು ಎನ್ನುತ್ತಾನೆ. ಎಲೀಯ ತಿಂದು ಮಲಗುತ್ತಾನೆ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. 2022ರ ಮಳೆಗಾಲದಲ್ಲಿ ನನಗೆ ನಿದ್ದೆ ಬಾರದೆ ಡಾಕ್ಟರ ಹತ್ತಿರ ಹೋಗಿ ಕೆಲವು ತಿಂಗಳು ಮಾತ್ರೆ ತೆಗೆದುಕೊಂಡೆ. ಅದು ವಿಶ್ವಾಸದ ಕೊರತೆ ಎಂದು ಯಾರಾದರೂ ಹೇಳಿದರೆ ಎಲೀಯನ ರೊಟ್ಟಿಯನ್ನು ತೋರಿಸಿ. ಸರಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಮಾತಾಡುತ್ತಾರೆ, ಯಾವ ಹೊತ್ತಿಗೂ.

ನನ್ನ ಕಥೆ ಸುಖಾಂತವೇ ಎಂದರೆ, ಇಲ್ಲ. ಈಗ ಇನ್ನೊಬ್ಬರ ಪ್ರೆಸ್ಸಿನಲ್ಲಿ ಸಂಬಳಕ್ಕೆ ದುಡಿಯುತ್ತೇನೆ, ಸೊಸೈಟಿ ಸಾಲದಲ್ಲಿ ಅರ್ಧ ಉಳಿದಿದೆ. ಬುಧವಾರ ತಪ್ಪಿಸುವುದಿಲ್ಲ. ಒಬ್ಬನೇ ಓದಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದೆ, ಅದಕ್ಕೇ ನಿಮಗೂ ಹೇಳುವುದು, ಒಂದು ಚಾವಡಿ ಹುಡುಕಿಕೊಳ್ಳಿ. ನಿಮ್ಮ ಸಭೆಯಲ್ಲಿ ಸಿಗದಿದ್ದರೆ ಪಕ್ಕದ ಸಭೆಯಲ್ಲಿ, ಕ್ಯಾಥೊಲಿಕರ ಇಗರ್ಜಿಯಲ್ಲಾದರೂ ಸರಿ. ಪ್ರಶ್ನೆ ಕೇಳಿದರೆ ಮುಖ ಸಿಂಡರಿಸದವರು ನಾಲ್ಕು ಜನ ಸಿಕ್ಕಿದರೆ ಆಯಿತು.

ಎಲ್ಲಿಂದ ಓದಬೇಕು ಎಂದರೆ 13ನೇ ಕೀರ್ತನೆಯಿಂದ, ಆರೇ ವಚನ. ಆಮೇಲೆ ಪ್ರಲಾಪಗಳು 3, ಯೆರೆಮೀಯ 28 ಮತ್ತು 29 ಒಟ್ಟಿಗೆ, ನಂತರ ಲೂಕ 24. ಅದರಲ್ಲಿ ಎಮ್ಮಾಹುವಿಗೆ ಹೋಗುವ ಇಬ್ಬರು ಶಿಷ್ಯರು, ಆತನೇ ಬಿಡಿಸುವವನು ಎಂದು ನಿರೀಕ್ಷಿಸಿದ್ದೆವು ಎಂದು ಗುರುತು ಹಿಡಿಯದೆ ಹೇಳುವುದು ಜೊತೆಯಲ್ಲೇ ನಡೆಯುತ್ತಿರುವ ಯೇಸುವಿಗೇ. ರೋಮಾಪುರದವರಿಗೆ ಬರೆದ ಪತ್ರವನ್ನು ಕೊನೆಗೆ ಇಟ್ಟುಕೊಳ್ಳಿ, ಪೌಲನ ವಾಕ್ಯಗಳು ಉದ್ದ.

ಯಾವ ಬೈಬಲ್ ಎಂಬುದಕ್ಕೆ: ಹಳೆಯ ಸತ್ಯವೇದದ ಕನ್ನಡ ಗಂಭೀರ, ಒಮ್ಮೆ ಕಿವಿಗೆ ಹೊಂದಿದರೆ ಬಿಡಲಾಗುವುದಿಲ್ಲ. ಕಷ್ಟವಾದರೆ ಸರಳ ಕನ್ನಡದ ಅನುವಾದಗಳೂ ಇವೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಇನ್ನೂ ಒಳ್ಳೆಯದು. ಬೈಬಲ್ ಸೊಸೈಟಿಯ ಪ್ರತಿಗಳಿಗೆ ಹೆಚ್ಚು ಬೆಲೆಯಿಲ್ಲ. ಸಣ್ಣ ಅಕ್ಷರದ್ದು ಮಾತ್ರ ಬೇಡ, ದೊಡ್ಡ ಅಕ್ಷರದ್ದೇ ತೆಗೆದುಕೊಳ್ಳಿ. ಸಾಲುಗಳ ನಡುವೆ ಜಾಗ ಇರಬೇಕು, ಪೆನ್ಸಿಲಿನಲ್ಲಿ ಜಗಳ ಬರೆಯಲಿಕ್ಕೆ.