ಬಾಲ್ ಕೈಗೆ ಬಂದ ತಕ್ಷಣ ಗಾಬರಿ

ಪ್ರಶ್ನೆ: ನನಗೆ 36 ವರ್ಷ. ಎರಡು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಗೆಳೆಯರ ಜೊತೆ ಬ್ಯಾಸ್ಕೆಟ್‌ಬಾಲ್ ಆಡುತ್ತೇನೆ. ಒಬ್ಬನೇ ಇದ್ದಾಗ ಶಾಟ್ ಚೆನ್ನಾಗಿಯೇ ಬೀಳುತ್ತದೆ. ಆಟದಲ್ಲಿ ಮಾತ್ರ ಬಾಲ್ ಬಂದ ತಕ್ಷಣ ಗಾಬರಿಯಾಗುತ್ತದೆ. ಸುಮ್ನೆ ಡ್ರಿಬಲ್ ಮಾಡುತ್ತಾ ನಿಂತುಬಿಡುತ್ತೇನೆ, ಯಾರೋ ಬಂದು ಕಿತ್ತುಕೊಂಡು ಹೋಗುತ್ತಾರೆ. ಈಚೆಗೆ ನನಗೆ ಪಾಸ್ ಕೊಡುವುದನ್ನೇ ಕಡಿಮೆ ಮಾಡಿದ್ದಾರೆ. ಏನು ಮಾಡಲಿ ಸರ್?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಕೊನೆಯ ಮಾತು ಓದಿ ಬೇಜಾರಾಯಿತು. ಪಾಸ್ ಬರದೆ ಕೋರ್ಟಿನಲ್ಲಿ ಓಡಾಡುವುದು ಎಷ್ಟು ಕಷ್ಟ ಅಂತ ಗೊತ್ತು. ಆದರೆ ಇದು ಸರಿಹೋಗುತ್ತದೆ.

ನಾನು ಆಡುವ ಕೋರ್ಟಿಗೆ 55 ದಾಟಿದ ಒಬ್ಬರು ಬರುತ್ತಾರೆ. ಎರಡೂ ಮಂಡಿಗೆ ಪಟ್ಟಿ. ಓಡುವುದು ಕಡಿಮೆ, ಜಿಗಿಯುವುದಂತೂ ಇಲ್ಲವೇ ಇಲ್ಲ. ಆದರೂ ಟೀಮು ಮಾಡುವಾಗ ಎಲ್ಲರಿಗೂ ಅವರೇ ಬೇಕು. ಒಂದು ದಿನ ಅವರ ಕಣ್ಣನ್ನೇ ನೋಡುತ್ತಾ ಕೂತೆ. ಬಾಲ್ ಇನ್ನೂ ಬೇರೆಯವರ ಕೈಯಲ್ಲಿರುವಾಗಲೇ ಒಮ್ಮೆ ರಿಂಗಿನ ಕಡೆ, ಒಮ್ಮೆ ಆಚೆ ಮೂಲೆಗೆ ನೋಡಿಬಿಡುತ್ತಾರೆ. ಬಾಲ್ ಕೈಗೆ ಬರುವಷ್ಟರಲ್ಲಿ ಅರ್ಧ ತೀರ್ಮಾನ ಆಗಿರುತ್ತದೆ.

ನೀವು ಬಹುಶಃ ಬಾಲ್ ಹಿಡಿದ ಮೇಲೆ ನೋಡಲು ಶುರು ಮಾಡುತ್ತಿದ್ದೀರಿ. ಅಷ್ಟು ಹೊತ್ತಿಗೆ ಡಿಫೆಂಡರ್ ಮೈಮೇಲೆ ಬಂದಾಗಿದೆ, ಅಲ್ವಾ?

ಇನ್ನೊಂದು, ಹಿಡಿದ ಕೂಡಲೇ ಬಾಲ್ ಕುಟ್ಟಬೇಡಿ. ಡ್ರಿಬಲ್ ಮಾಡಿ ಒಮ್ಮೆ ನಿಲ್ಲಿಸಿದರೆ ಮತ್ತೆ ಮಾಡುವ ಹಾಗಿಲ್ಲ, ಸುಮ್ನೆ ಎರಡು ಸಲ ನೆಲಕ್ಕೆ ಬಡಿದು ನಿಂತರೆ ಕೈಯಲ್ಲಿದ್ದ ದೊಡ್ಡ ಅವಕಾಶವನ್ನು ನೀವೇ ಬಿಟ್ಟುಕೊಟ್ಟ ಹಾಗೆ. ಎರಡೂ ಕಾಲು ಒಟ್ಟಿಗೆ ಊರಿ ಹಿಡಿಯಿರಿ. ಮಂಡಿ ಸ್ವಲ್ಪ ಬಗ್ಗಿರಲಿ, ಬಾಲ್ ಗಲ್ಲದ ಕೆಳಗೆ, ಮೊಣಕೈ ಹೊರಗೆ, ಮುಖ ರಿಂಗಿನ ಕಡೆ. ಹೀಗೆ ನಿಂತವರಿಂದ ಬಾಲ್ ಕಿತ್ತುಕೊಳ್ಳುವುದು ಸುಲಭವಲ್ಲ.

ಈಗ ಎದುರಿಗಿರುವವನನ್ನು ನೋಡಿ. ಅವನು ದೂರ ನಿಂತಿದ್ದಾನೆ, ನೀವು ನಿಮ್ಮ ಶಾಟ್ ಬೀಳುವ ಜಾಗದಲ್ಲಿದ್ದೀರಿ, ಹಾಗಾದರೆ ಹೊಡೆಯಿರಿ. ಕೈ ಎತ್ತಿಕೊಂಡು ನಿಮ್ಮ ಕಡೆ ಓಡಿಬರುತ್ತಿದ್ದಾನಾ? ಅವನ ಭಾರವೆಲ್ಲ ಮುಂದಕ್ಕಿದೆ, ಒಂದೇ ಡ್ರಿಬಲ್‌ನಲ್ಲಿ ಪಕ್ಕದಿಂದ ನುಗ್ಗಿ. ನುಗ್ಗಿದಾಗ ತಡೆಯಲು ಎರಡನೆಯವನು ಬಂದರೆ, ನಾನು ಕಲಿತದ್ದರಲ್ಲಿ ತುಂಬಾ ಬೆಲೆಬಾಳುವ ಮಾತು ಇದೇ: ಅವನು ಎಲ್ಲಿಂದ ಬಂದ ಅಂತ ನೋಡಿ. ಅವನು ಬಿಟ್ಟು ಬಂದ ನಿಮ್ಮ ಗೆಳೆಯ ಅಲ್ಲಿ ಒಬ್ಬನೇ ನಿಂತಿರುತ್ತಾನೆ. ಪಾಸ್ ಅಲ್ಲಿಗೆ. ಇಂಥ ಎರಡು ಪಾಸ್ ಕೊಟ್ಟು ನೋಡಿ, ನಿಮಗೂ ಪಾಸ್ ಬರಲು ಶುರುವಾಗುತ್ತದೆ.

ಅಂದಹಾಗೆ ಶಾಟ್ ಬೀಳುವ ಜಾಗ ಅಂದರೆ ಹತ್ತಕ್ಕೆ ಐದಾರು ಬೀಳುವ ಜಾಗ. ಮೂರು ಪಾಯಿಂಟಿನ ಗೆರೆ ರಿಂಗಿನಿಂದ 6.75 ಮೀಟರ್ ದೂರ. ಭಾನುವಾರ ಎಲ್ಲರೂ ಅಲ್ಲಿಂದಲೇ ಎಸೆಯುತ್ತಾರೆ. ನೀವು ಸದ್ಯ ಎರಡು ಹೆಜ್ಜೆ ಒಳಗೆ ಬನ್ನಿ.

ಒಬ್ಬರೇ ಇರುವಾಗ ನಿಂತಲ್ಲೇ ನಿಂತು ಶಾಟ್ ಹೊಡೆಯುವುದನ್ನು ಕಡಿಮೆ ಮಾಡಿ. ಬಾಲನ್ನು ನಿಮ್ಮ ಕಡೆಗೇ ಪುಟಿದು ಬರುವಂತೆ ಹಿಂದಕ್ಕೆ ತಿರುಗಿಸಿ ಮುಂದೆ ಎಸೆಯಿರಿ, ಓಡಿ ಎರಡೂ ಕಾಲೂರಿ ಹಿಡಿದು, ರಿಂಗ್ ನೋಡಿ ಹೊಡೆಯಿರಿ. ಇಬ್ಬರು ಗೆಳೆಯರು ಬೇಗ ಬಂದರೆ ಇಬ್ಬರ ಎದುರು ಒಬ್ಬ ಆಡಿ. ಡಿಫೆಂಡರ್ ನಿಮ್ಮ ಮೇಲೆ ಬಂದರೆ ಪಾಸ್, ಬರದಿದ್ದರೆ ಲೇಅಪ್, ಅಂದರೆ ರಿಂಗಿನ ಹತ್ತಿರಕ್ಕೆ ಓಡಿ ಹಾರಿ ಒಂದೇ ಕೈಯಿಂದ ಬಾಲ್ ಮೆಲ್ಲಗೆ ಹಾಕುವುದು. ಹದಿನೈದು ನಿಮಿಷ ಸಾಕು.

ಸಾಧ್ಯವಾದರೆ ಅರ್ಧ ಕೋರ್ಟಿನಲ್ಲಿ ಮೂವರ ಎದುರು ಮೂವರು ಆಡಿ. ಟೋಕಿಯೊ ಒಲಿಂಪಿಕ್ಸ್‌ಗೆ ಸೇರಿದ 3x3 ಆಟ ಇದೇ. ಐವರ ಆಟದಲ್ಲಿ ಶಾಟ್ ಹೊಡೆಯಲು 24 ಸೆಕೆಂಡ್ ಇದ್ದರೆ ಇಲ್ಲಿ 12 ಮಾತ್ರ. ಜನ ಕಡಿಮೆ, ಹಾಗಾಗಿ ಬಾಲ್ ನಿಮ್ಮ ಕೈಗೆ ಜಾಸ್ತಿ ಸಲ ಬರುತ್ತದೆ, ಬಂದಾಗ ಯೋಚಿಸುತ್ತಾ ನಿಲ್ಲಲು ಸಮಯವೇ ಇರುವುದಿಲ್ಲ.

ಪ್ರಶ್ನೆ: 42ನೇ ವಯಸ್ಸಿನಲ್ಲಿ ಎಡಗೈ ಲೇಅಪ್ ಕಲಿಯಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ. ಮೊದಲು ಡ್ರಿಬಲ್ ಬಿಟ್ಟುಬಿಡಿ. ರಿಂಗಿನ ಎಡಗಡೆ ನಿಂತು ಎಡಗಾಲು, ಆಮೇಲೆ ಬಲಗಾಲು, ಬಲಗಾಲಿನಿಂದಲೇ ಮೇಲಕ್ಕೆ ಹಾರಿ. ಬೋರ್ಡಿನ ಮೇಲಿನ ಚಿಕ್ಕ ಚೌಕದ ನಿಮ್ಮ ಕಡೆಯ ಮೇಲ್ಮೂಲೆಗೆ ಬಾಲ್ ಮೆಲ್ಲಗೆ ತಾಗಲಿ. ಕಾಲು ತಪ್ಪದೆ ಬರುವವರೆಗೆ ಇಷ್ಟೇ ಮಾಡಿ, ಡ್ರಿಬಲ್ ಆಮೇಲೆ ಸೇರಿಸಿಕೊಳ್ಳಿ.